ಹಾಜರಿ ಹದಿನೇಳು, ಕೋಣೆಯಲ್ಲಿ ಹನ್ನೊಂದು

2004ರ ಮಾರ್ಚ್ ತಿಂಗಳ ಮೂರನೇ ಭಾನುವಾರ, ಲೀಡ್ಸ್ ನಗರದ ಚಾಪೆಲ್‌ಟೌನ್‌ನಲ್ಲಿ ಒಂದು ಚರ್ಚಿನ ಹಿಂದಿನ ಹಾಲ್‌ನಲ್ಲಿ ನಡೆದ ಸಭೆಗೆ ಹದಿನೇಳು ಮಂದಿ ಹಾಜರಿದ್ದರು ಎಂದು ಹಾಜರಿ ಪುಸ್ತಕ ಹೇಳುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ನಾನು ತಲೆ ಎಣಿಸಿದೆ. ನನ್ನನ್ನು ಬಿಟ್ಟರೆ ಕೋಣೆಯಲ್ಲಿದ್ದವರು ಹನ್ನೊಂದು.

ತಲೆ ಎಣಿಸುವುದು ಡೆಸ್ಕ್ ಕಲಿಸಿದ ಅಭ್ಯಾಸ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ನಾನು ಏಳು ವರ್ಷ ಉಪಸಂಪಾದಕಿಯಾಗಿದ್ದೆ. ಯಾವುದೋ ಸಮಾವೇಶಕ್ಕೆ ಸಾವಿರಾರು ಜನ ಸೇರಿದ್ದರು ಎಂದು ವರದಿ ಬಂದರೆ, ಕುರ್ಚಿ ಎಷ್ಟು ಸಾಲು, ಸಾಲಿಗೆ ಎಷ್ಟು ಕುರ್ಚಿ ಎಂದು ವರದಿಗಾರನನ್ನು ಕೇಳಬೇಕಿತ್ತು. 2002ರಲ್ಲಿ ಸಂಶೋಧನೆಗೆಂದು ಲೀಡ್ಸ್‌ಗೆ ಬಂದಾಗ ಕೆಲಸ ಬಿಟ್ಟಿದ್ದೆ. ಅಭ್ಯಾಸ ಬಿಟ್ಟಿರಲಿಲ್ಲ.

ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ನಿವೃತ್ತ ನರ್ಸ್ ಒಬ್ಬರು. ಅರವತ್ತು ದಾಟಿದ ಕಪ್ಪು ಹೆಂಗಸು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆರಿಬಿಯನ್ ದ್ವೀಪವೊಂದರಿಂದ ಹಡಗಿನಲ್ಲಿ ಬಂದು, ಇದೇ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿತು, ಇಲ್ಲೇ ಉಳಿದವರು. ಮದುವೆಯಾಗಿರಲಿಲ್ಲ. ಮನೆಯೊಳಗೂ ತಲೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿಕೊಂಡಿರುತ್ತಿದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಮನಸ್ಸು ಚೆನ್ನಾಗಿದ್ದಾಗ ಅವರು ನನ್ನನ್ನು ಡಾರ್ಲಿಂಗ್ ಎನ್ನುತ್ತಿದ್ದರು, ಚೆನ್ನಾಗಿಲ್ಲದಾಗ ಮಿಸ್ ನ್ಯೂಸ್‌ಪೇಪರ್. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆದಿರುವುದು ನನ್ನ ನೆನಪಿನಿಂದ ಮತ್ತು ಆಗ ಮಾಡಿಕೊಂಡ ಟಿಪ್ಪಣಿಗಳಿಂದ.

ಆ ಹಾಲ್‌ನಲ್ಲಿ ಸೇರುತ್ತಿದ್ದದ್ದು ಕಪ್ಪು ಹೆಂಗಸರ ಸೋದರಿ ಸಂಘದ ಲೀಡ್ಸ್ ಶಾಖೆ. ಶಾಖೆಗೆ ಆ ವರ್ಷ ನಲವತ್ತು ತುಂಬುತ್ತಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ಮುಖ್ಯಸ್ಥೆಯಾಗಿದ್ದು ನಿವೃತ್ತರಾದ ಎತ್ತರದ ಹೆಂಗಸು ಅದರ ಅಧ್ಯಕ್ಷೆ. ಚಳಿಗಾಲದಲ್ಲಿ ಒಂದು ದಿನ ಅವರು ಮನೆಗೆ ಬಂದು, ಕೋಟು ಬಿಚ್ಚುವ ಮೊದಲೇ ಕೇಳಿದರು:

“ನೀನು ಪೇಪರ್‌ನಲ್ಲಿ ಕೆಲಸ ಮಾಡಿದವಳಂತೆ. ನಮ್ಮ ನಲವತ್ತು ವರ್ಷದ ಹಿಸ್ಟರಿ ಬರೆದುಕೊಡ್ತೀಯಾ?”

“ನಾನು ಹೊರಗಿನವಳು.”

“ಅದಕ್ಕೇ ಕೇಳ್ತಿರೋದು. ಒಳಗಿನವರು ಬರೆದರೆ ಹನ್ನೊಂದು ಹಿಸ್ಟರಿ ಆಗುತ್ತೆ. ಹನ್ನೊಂದು ಜಗಳ ಕೂಡ.”

“ಹತ್ತು,” ಎಂದರು ಮನೆಯೊಡತಿ ಅಡುಗೆಮನೆಯಿಂದ. “ನಾನು ಯಾರ ಜೊತೆಗೂ ಜಗಳ ಆಡೋದಿಲ್ಲ.”

“ನೋಡಿದೆಯಾ? ಶುರುವಾಯ್ತು,” ಎಂದರು ಅಧ್ಯಕ್ಷೆ.

ನನಗೆ ಕೊಟ್ಟದ್ದು ಎರಡು ರಟ್ಟಿನ ಪೆಟ್ಟಿಗೆ. ಅವುಗಳಲ್ಲಿ ಸಭೆಯ ನಡಾವಳಿಗಳು, ಕೆಲವು ಫೋಟೋ, ಹಾಜರಿ ಪುಸ್ತಕಗಳು. ಮೊದಲ ನಡಾವಳಿ 1964ರದ್ದು, ಒತ್ತೊತ್ತಾದ ಅಕ್ಷರಗಳಲ್ಲಿ ಅರ್ಧ ಪುಟ. ಬರೆದವಳು ಸಂಘದ ಸ್ಥಾಪಕಿ, ಆಗ ಇಪ್ಪತ್ತನಾಲ್ಕರ ನರ್ಸ್. ಅದರ ಮೊದಲ ವಾಕ್ಯದ ಅರ್ಥ ಇಷ್ಟು: ನಮ್ಮಲ್ಲಿ ಒಬ್ಬಳು ಆರು ವಾರ ಕಾಣಿಸದಿದ್ದರೂ ನಾವು ಯಾರೂ ಕೇಳಲಿಲ್ಲ.

ಆ ಒಬ್ಬಳು ತರಬೇತಿಯಲ್ಲಿದ್ದ ಹುಡುಗಿ. ಕ್ಷಯ ಹತ್ತಿ ಊರ ಹೊರಗಿನ ಆಸ್ಪತ್ರೆಗೆ ಸೇರಿಸಿದ್ದರು. ಅವಳ ಕೂದಲನ್ನು ಹೇಗೆ ಬಾಚಬೇಕೆಂದು ಆ ವಾರ್ಡ್‌ನಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೂದಲು ಗಂಟುಕಟ್ಟಿ, ಕೊನೆಗೆ ಕತ್ತರಿಯಿಂದ ಬುಡಕ್ಕೆ ತೆಗೆದರು. ಗೆಳತಿಯರು ವಿಷಯ ತಿಳಿದು ಹೋದಾಗ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಂದಿನ ಭಾನುವಾರದಿಂದ ಇಬ್ಬಿಬ್ಬರಂತೆ ಬಾಚಣಿಗೆ, ಎಣ್ಣೆಯ ಡಬ್ಬಿ ಹಿಡಿದು ಆಸ್ಪತ್ರೆಗಳಿಗೆ ಹೋಗತೊಡಗಿದರು. ಸಂಘದ ಮೊದಲ ಸೇವೆ ಅದು. ಆಸ್ಪತ್ರೆಗಳಲ್ಲಿ, ಆಮೇಲೆ ವೃದ್ಧರ ಹೋಮ್‌ಗಳಲ್ಲಿ, ಕಪ್ಪು ಹೆಂಗಸರ ತಲೆ ಬಾಚಿ ಜಡೆ ಹೆಣೆಯುವುದು. ಮಕ್ಕಳಿಗೆ ಶನಿವಾರದ ಶಾಲೆ ಬಂದದ್ದು, ಪಾಸ್‌ಪೋರ್ಟ್ ಕಚೇರಿಗೆ ಪತ್ರ ಬರೆದುಕೊಡುವುದು ಶುರುವಾದದ್ದು ನಂತರ.

ನಿಯಮಗಳನ್ನು ಅಮೆರಿಕದಿಂದ ಪಡೆದರು. ಸ್ಥಾಪಕಿಯ ದೊಡ್ಡಪ್ಪನ ಮಗಳು ಅಲ್ಲಿ ಕಾಲೇಜು ಓದುತ್ತ ಕಪ್ಪು ವಿದ್ಯಾರ್ಥಿನಿಯರ ಸೋದರಿ ಸಂಘವೊಂದರ ಸದಸ್ಯೆಯಾಗಿದ್ದಳು. ಅವಳು ಅಂಚೆಯಲ್ಲಿ ಕಳಿಸಿದ ಕಾಗದಗಳನ್ನು ನೋಡಿ ಇವರು ತಮ್ಮದೊಂದು ಮಾಡಿಕೊಂಡರು. ಕಾಲೇಜು ಓದಿದವರು ಇವರಲ್ಲಿ ಇರಲಿಲ್ಲ. ಅಮೆರಿಕದವರ ಒಪ್ಪಿಗೆಯನ್ನೂ ಕೇಳಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಶಾಖೆ, ಲೀಡ್ಸ್‌ನಲ್ಲಿ ಇನ್ನೊಂದು. ಬರ್ಮಿಂಗ್‌ಹ್ಯಾಮ್‌ನದ್ದು ಬಹಳ ಹಿಂದೆಯೇ ಮುಚ್ಚಿತ್ತು. ಹಸಿರು ರಿಬ್ಬನ್ನಿನ ಮೇಲೆ ಬಿಳಿ ಗುಂಡಿ ಹೊಲಿದ ಪಿನ್, ನಾಲ್ಕು ಸಾಲಿನ ಪ್ರತಿಜ್ಞೆ, ತಿಂಗಳ ಮೂರನೇ ಭಾನುವಾರ ಸಭೆ, ಸಭೆಯ ಆರಂಭದಲ್ಲಿ ಹೆಸರು ಕೂಗಿ ಹಾಜರಿ. ಸದಸ್ಯೆ ತೀರಿಕೊಂಡರೆ ಆರು ಸೋದರಿಯರು ಬಿಳಿ ಉಡುಪು ತೊಟ್ಟು ಶವಪೆಟ್ಟಿಗೆಗೆ ಹೆಗಲು ಕೊಡುತ್ತಿದ್ದರು. ಬಿಳಿ ತೊಡುವುದು ಸೋದರಿಯ ಅಂತ್ಯಕ್ರಿಯೆಗೆ ಮಾತ್ರ.

ಹದಿನೇಳರ ಲೆಕ್ಕವನ್ನು ನಾನು ಆ ಭಾನುವಾರ ಸಂಜೆ ಅಡುಗೆಮನೆಯಲ್ಲಿ ಕೇಳಿದೆ. ಮನೆಯೊಡತಿ ಇಸ್ತ್ರಿ ಮಾಡುತ್ತಿದ್ದರು.

“ಹದಿನೇಳು ಅಂತ ಬರೆದಿದ್ದಾರೆ. ಇದ್ದದ್ದು ಹನ್ನೊಂದು ಜನ.”

“ಎಣಿಸಿದೆಯಾ?”

“ಹೌದು.”

“ನಾವು ಪ್ರಾರ್ಥನೆ ಮಾಡ್ತಿದ್ದರೆ ಇವಳು ಕಣ್ಣು ಬಿಟ್ಟುಕೊಂಡು ಎಣಿಸ್ತಾಳೆ. ಐದು ಜನ ತೀರಿಕೊಂಡವರು, ಮಿಸ್ ನ್ಯೂಸ್‌ಪೇಪರ್.”

ಅವರು ವಿವರಿಸಿದ್ದು ಹೀಗೆ. ತೀರಿಕೊಂಡ ಸೋದರಿಯ ಹೆಸರನ್ನೂ ಕೂಗುತ್ತಾರೆ. ಅವಳು ನೋಡಿಕೊಳ್ಳುತ್ತಿದ್ದ ಹೋಮ್, ಅವಳು ತಿಂಗಳು ತಿಂಗಳು ಸೇವೆಗೆ ಹೋಗುತ್ತಿದ್ದ ಮನೆಗಳು ಇರುತ್ತವಲ್ಲ, ಆ ತಿಂಗಳು ಆ ಕೆಲಸ ಮಾಡಿದವಳು ಎದ್ದು ‘ಹಾಜರ್’ ಎನ್ನುತ್ತಾಳೆ. ಕಾಯಿಲೆ ಬಿದ್ದವರಿಗೂ ಹಾಗೆಯೇ. ಆ ತಿಂಗಳು ಹೋಗಿ ನೋಡಿದ ಸೋದರಿ, ಕಾಯಿಲೆಯವಳ ಬಾಯಿಂದ ನಾಲ್ಕು ಸಾಲಿನ ಪ್ರತಿಜ್ಞೆ ಕೇಳಿಸಿಕೊಂಡು ಬಂದಿದ್ದರೆ, ಅವಳ ಪರವಾಗಿ ‘ಹಾಜರ್’ ಎನ್ನಬಹುದು. ಯಾರೂ ಉತ್ತರಿಸದ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಾರೆ. ಗೈರಾದವಳ ಮನೆಗೆ ವಾರದೊಳಗೆ ಇಬ್ಬರು ಹೋಗಲೇಬೇಕು. ಸತತ ಹನ್ನೆರಡು ಸಭೆ ಗೈರಾದರೆ ಹೆಸರು ತೆಗೆಯುತ್ತಾರೆ. ಹೆಸರು ತೆಗೆದವಳಿಗೆ ಪಿನ್ ಇಲ್ಲ, ಬಿಳಿ ಉಡುಪಿನವರ ಹೆಗಲೂ ಇಲ್ಲ. ಸೇರಿ, ಪಿನ್ ಹಾಕಿಕೊಂಡು ತಿರುಗಿ, ಕೆಲಸಕ್ಕೆ ಬಾರದ ಹುಡುಗಿಯರಿಗಾಗಿ ಅರವತ್ತರ ದಶಕದಲ್ಲಿ ಮಾಡಿದ ನಿಯಮ ಅದು. ಬರೆದವಳು ಸ್ಥಾಪಕಿಯೇ.

“ಐದು ಮತ್ತು ಹನ್ನೊಂದು, ಹದಿನಾರು,” ಎಂದೆ.

“ಹದಿನೇಳನೆಯವಳು ಅವಳೇ. ಇದನ್ನೆಲ್ಲ ಶುರು ಮಾಡಿದವಳು. ಹೋಮ್‌ನಲ್ಲಿದ್ದಾಳೆ. ಅವಳ ಪರವಾಗಿ ನಾನು ಹೇಳ್ತೀನಿ.”

“ಪ್ರತಿ ತಿಂಗಳು ಹೋಗ್ತೀರಾ?”

ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. “ನಾನು ಹಾಜರ್ ಅಂದದ್ದು ನಿನಗೆ ಕೇಳಿಸಿತಲ್ಲ?”

ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಹಾಗೆಂದೇ ಬರೆದುಕೊಂಡೆ.

ಮುಂದಿನ ಶನಿವಾರ ಕನ್ನಡಿಗರ ಯುಗಾದಿ ಕೂಟವಿತ್ತು. ಶೆಫೀಲ್ಡ್‌ನಿಂದ ಡಾಕ್ಟರುಗಳು, ಸಾಫ್ಟ್‌ವೇರ್ ಕುಟುಂಬಗಳು, ನನ್ನಂಥ ವಿದ್ಯಾರ್ಥಿಗಳು. ಶಾಲೆಯೊಂದರ ಹಾಲ್‌ನಲ್ಲಿ ಪುಳಿಯೋಗರೆ, ಹೋಳಿಗೆ, ಪ್ಲಾಸ್ಟಿಕ್ ಲೋಟದಲ್ಲಿ ಬೇವು ಬೆಲ್ಲ. ಟೀ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು ಮಂಗಳೂರಿನ ಕಡೆಯ ನರ್ಸ್. ಹಿಂದಿನ ಬೇಸಿಗೆಯ ಕೊನೆಗೆ ಬಂದು ಊರ ಹೊರಗಿನ ವೃದ್ಧರ ಹೋಮ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡು ಮೂರು ಸಲ ಇಂಥ ಕೂಟಗಳಲ್ಲೇ ಮಾತಾಡಿಸಿದ್ದೆ.

“ಅಕ್ಕ, ನೀವು ಚಾಪೆಲ್‌ಟೌನ್‌ನಲ್ಲಿ ಕಪ್ಪು ಲೇಡಿ ಒಬ್ಬರ ಮನೆಯಲ್ಲಿ ಇರುದಲ್ವಾ? ಒಂದು ಕೇಳ್ಲಿಕ್ಕುಂಟು.”

“ಕೇಳಿ.”

“ಅವರ ಕೂದಲು ಬಾಚುದು ಹೇಗೆ ಮಾರಾಯ್ರೆ? ನಮ್ಮಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಯಾರಿಗೂ ಮುಟ್ಲಿಕ್ಕೆ ಬಿಡುದಿಲ್ಲ. ನಿದ್ದೆಯಲ್ಲಿ ಇರುವಾಗ ನಾನು ತೆಂಗಿನೆಣ್ಣೆ ಹಾಕಿ ನೋಡಿದೆ. ಬಾಚಣಿಗೆಯ ಹಲ್ಲೇ ಮುರೀತು. ಈಗ ಹಿಂದೆಲ್ಲ ಗಂಟು. ಚರ್ಮ ಹುಣ್ಣಾಗಿದೆ, ಪಾಪ.”

“ಅವರ ಕಡೆಯವರು ಯಾರೂ ಬರೋದಿಲ್ವಾ?”

“ನಾನು ಸೇರಿ ಏಳು ತಿಂಗಳಾಯ್ತು. ಒಂದು ನರಪಿಳ್ಳೆ ಬಂದದ್ದಿಲ್ಲ. ಅಜ್ಜಿ ಮಾತ್ರ ಭಾನುವಾರ ಊಟ ಆದ ಕೂಡಲೇ ಕಿಟಕಿ ಹತ್ತಿರ ಹೋಗಿ ಕೂತುಕೊಳ್ಳುದು. ಮಡಿಲಲ್ಲಿ ಬಾಚಣಿಗೆ. ‘ಇಬ್ಬರು ಬರ್ತಾರೆ, ಇಬ್ಬರು ಬರ್ತಾರೆ’ ಅಂತ. ಯಾರು ಇಬ್ಬರು ಅಜ್ಜಿ ಅಂತ ಕೇಳಿದ್ರೆ ಅವರಿಗೂ ಗೊತ್ತಿಲ್ಲ.”

“ಹೆಸರೇನು ಅವರದು?”

“ಹೆಸರೆಲ್ಲ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ, ಕೆಲಸ ಹೋಗ್ತದೆ ನನ್ನದು. ಗುರುವಾರ ಹೇರ್‌ಡ್ರೆಸರ್ ಬರ್ತಾಳೆ. ಪೂರ್ತಿ ತೆಗೆಯುದು ಅಂತ ಆಗಿದೆ. ಹೋಮ್‌ಗೆ ಬರುವ ಡಾಕ್ಟರ್ ಕೂಡ ಅದೇ ಒಳ್ಳೇದು ಅಂದಿದ್ದಾರೆ. ಅಷ್ಟರೊಳಗೆ ಬಾಚ್ಲಿಕ್ಕೆ ಗೊತ್ತಿರುವವರು ಯಾರಾದ್ರೂ ಸಿಕ್ಕಿದ್ರೆ ಅಂತ ನಿಮ್ಮ ಹತ್ರ ಕೇಳಿದ್ದು.”

“ಅವರ ಹತ್ತಿರ ಒಂದು ಪಿನ್ ಇದೆಯಾ? ಹಸಿರು ರಿಬ್ಬನ್, ಮೇಲೊಂದು ಬಿಳಿ ಗುಂಡಿ?”

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಅದು ನಿಮಗೆ ಹೇಗೆ ಗೊತ್ತು?”

ಅಂದು ಸಂಜೆ ನಾನು ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಒಂದೇ ಮೂಲದ ಸುದ್ದಿಯನ್ನು ಪುಟಕ್ಕೆ ಹಾಕಬಾರದು ಎನ್ನುವುದು ನಮ್ಮ ಡೆಸ್ಕಿನ ಮೊದಲ ಪಾಠ. ಆರೋಪ ಇರುವ ಸುದ್ದಿಯಾದರೆ ಇನ್ನೂ ಬಿಗಿ. ಪಿನ್ ಇಟ್ಟುಕೊಂಡ ಹಳೆಯ ಸದಸ್ಯೆ ಬೇರೆ ಯಾರಾದರೂ ಆಗಿರಬಹುದು. ನನ್ನ ಮನೆಯೊಡತಿ ತಿಂಗಳು ತಿಂಗಳು ಸುಳ್ಳು ಸಾಕ್ಷಿ ಹೇಳುತ್ತಿದ್ದಾರೆ ಎನ್ನಬೇಕಾದರೆ ಕೈಯಲ್ಲಿ ಆಧಾರ ಇರಬೇಕು. ಭಾನುವಾರವಿಡೀ ಹಾಜರಿ ಪುಸ್ತಕ ನೋಡಿದೆ. ಸ್ಥಾಪಕಿ ಕೊನೆಯದಾಗಿ ಸ್ವತಃ ಸಭೆಗೆ ಬಂದದ್ದು 2003ರ ಫೆಬ್ರವರಿಯಲ್ಲಿ. ಅದಾದ ಮೇಲೆ, ಸಭೆ ಇರದ ಆಗಸ್ಟ್ ತಿಂಗಳನ್ನು ಬಿಟ್ಟರೆ, ಹನ್ನೆರಡು ಸಭೆ. ಹನ್ನೆರಡರಲ್ಲೂ ಹಾಜರ್. ಹನ್ನೆರಡರಲ್ಲೂ ಪಕ್ಕದಲ್ಲಿ ಮನೆಯೊಡತಿಯ ರುಜು.

ಸೋಮವಾರ ಅಧ್ಯಕ್ಷೆಗೆ ಫೋನ್ ಮಾಡಿ, ಇತಿಹಾಸದ ಪುಸ್ತಕಕ್ಕೆಂಬಂತೆ ಕೇಳಿದೆ: ಸ್ಥಾಪಕಿಯನ್ನು ನೋಡಲು ಬೇರೆ ಯಾರಾದರೂ ಹೋಗುತ್ತಾರೆಯೇ?

“ಹಾಜರ್ ಅಂದಮೇಲೆ ಯಾರು ಯಾಕೆ ಹೋಗ್ತಾರೆ? ಎರಡು ಬಸ್ ಹಿಡೀಬೇಕು. ನಮ್ಮೆಲ್ಲರ ಮಂಡಿ ಸೇರಿಸಿದರೂ ಒಂದು ಸರಿಯಾದ ಮಂಡಿ ಆಗೋದಿಲ್ಲ. ಗೈರಾದವರ ಮನೆಗೆ ಹೋಗೋದೇ ಕಷ್ಟ.” ಆಮೇಲೆ ಕೇಳಿದರು: “ಯಾಕೆ?”

“ಸುಮ್ಮನೆ, ಖಚಿತಪಡಿಸಿಕೊಳ್ಳೋಣ ಅಂತ,” ಎಂದೆ.

ಮಂಗಳವಾರ ತಾರೀಖುಗಳನ್ನು ಒಂದು ಹಾಳೆಯಲ್ಲಿ ಅನುಕ್ರಮವಾಗಿ ಬರೆದೆ. ಬುಧವಾರ ಸಂಜೆ, ಊಟವಾದ ಮೇಲೆ, ಹಾಳೆಯನ್ನು ಮನೆಯೊಡತಿಯ ಮುಂದಿಟ್ಟೆ. ನರ್ಸ್ ಹೇಳಿದ್ದನ್ನೂ ಹೇಳಿದೆ.

ಅವರು ಹಾಳೆಯನ್ನು ಓದಲಿಲ್ಲ.

“ಕಿಟಕಿ ಹತ್ತಿರ?” ಎಂದರು.

“ಹೌದು. ಪ್ರತಿ ಭಾನುವಾರ.”

“ಬಾಚಣಿಗೆ ಮರದ್ದಾ?”

“ಕೇಳಲಿಲ್ಲ.”

“ಇಷ್ಟೆಲ್ಲ ಬರೆದಿದ್ದೀಯ. ಅದನ್ನ ಕೇಳಲಿಲ್ಲ.”

ಆಮೇಲೆ ಹೇಳಿದರು. ಹಿಂದಿನ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ಹೋಗಿದ್ದರು. ಮೊದಲ ಸಲವೇ ಗೆಳತಿ ಪ್ರತಿಜ್ಞೆಯ ಒಂದು ಸಾಲು ಹೇಳಿ ನಿಲ್ಲಿಸಿದ್ದಳು. ಉಳಿದ ಮೂರು ಸಾಲನ್ನು ಇವರು ಹೇಳಿದಾಗ ಆಕೆಯ ತುಟಿ ಆಡುತ್ತಿತ್ತು. ಅದನ್ನೇ ಹೇಳಿದ ಹಾಗೆ ಅಂದುಕೊಂಡು ಬಂದು ಹಾಜರ್ ಎಂದರು. ಜೂನ್‌ನಲ್ಲಿ ತಲೆ ಬಾಚುತ್ತಿರುವಾಗ ಆಕೆ ಬಾಚಣಿಗೆ ಕಿತ್ತುಕೊಂಡು, ಈ ಕಳ್ಳಿಯನ್ನು ಹೊರಗೆ ಹಾಕಿ ಎಂದು ಕೂಗಿದಳು. ಕಾರಿಡಾರ್‌ನಲ್ಲಿ ಜನ ನಿಂತು ನೋಡಿದರು.

“ನಲವತ್ತು ವರ್ಷ ನನ್ನ ತಲೆ ಬಾಚಿದವಳು ಅವಳು. ಹದಿನೈದು ದಿನಕ್ಕೊಮ್ಮೆ, ಇದೇ ಕುರ್ಚಿಯಲ್ಲಿ. ಅವಳು ಕಳ್ಳಿ ಅಂದಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ?”

“ಬೇರೆಯವರಿಗೆ ಹೇಳಬಹುದಿತ್ತು.”

“ಹೇಳಿದರೆ ಗೈರು. ಗೈರಾದರೆ ಇಬ್ಬರು ಹೋಗ್ತಾರೆ. ಸಿಸ್ಟರ್, ನಾಲ್ಕು ಸಾಲು ಹೇಳಿ ಅಂತಾರೆ. ತಾನೇ ಬರೆದ ಸಾಲು ಅವಳಿಗೆ ಬರೋದಿಲ್ಲ. ಹನ್ನೆರಡು ತಿಂಗಳು ಹಾಗೆ ಹೋಗಿ ಬಂದು ಹೆಸರು ಹೊಡೆದು ಹಾಕ್ತಾರೆ. ಅವಳಿಗೆ ಮಕ್ಕಳಿಲ್ಲ, ಇಲ್ಲಿ ಯಾರೂ ಇಲ್ಲ. ಸತ್ತರೆ ಯಾರು ಹೊರ್ತಾರೆ? ನಗರದ ಕೌನ್ಸಿಲ್‌ನವರಾ?”

“ಹಾಜರ್ ಅಂತ ಬರೆದರೆ ಯಾರೂ ಹೋಗೋದಿಲ್ಲ, ಆಂಟಿ.”

“ಅದು ನನಗೆ ಗೊತ್ತಿಲ್ಲ ಅಂದುಕೊಂಡೆಯಾ?”

ಗುರುವಾರ ಬೆಳಿಗ್ಗೆ ಹೊರಟೆವು. ಅವರ ಚೀಲದಲ್ಲಿ ಅಗಲ ಹಲ್ಲಿನ ಮರದ ಬಾಚಣಿಗೆ, ಎಣ್ಣೆಯ ಡಬ್ಬಿ, ಒಂದು ಟವೆಲ್. ಮೊದಲ ಬಸ್ ಹೊತ್ತಿಗೆ ಬಂತು. ಎರಡನೆಯದು ಬರಲಿಲ್ಲ, ಅದರ ಮುಂದಿನದು ಬಂತು. ನಗರ ಹಿಂದೆ ಸರಿದು ಹೊಲ, ಗೋದಾಮುಗಳು ಶುರುವಾದವು. ಬಸ್ಸಿನಲ್ಲಿ ನಾನು ಮೊದಲ ನಡಾವಳಿಯ ಹುಡುಗಿಯ ಬಗ್ಗೆ ಕೇಳಿದೆ. ಕ್ಷಯದ ವಾರ್ಡಿನಲ್ಲಿ ಕೂದಲು ತೆಗೆಸಿಕೊಂಡವಳು ಈಗಲೂ ಇದ್ದಾಳೆಯೇ, ಆಕೆಯ ಮಾತು ಪುಸ್ತಕಕ್ಕೆ ಸಿಗಬಹುದೇ ಎಂದು.

“ನಿನ್ನ ಪಕ್ಕದಲ್ಲೇ ಕೂತಿದ್ದಾಳೆ,” ಎಂದರು. ಇಳಿಯುವ ಮೊದಲು, “ಅದನ್ನ ಪುಸ್ತಕಕ್ಕೆ ಹಾಕಬೇಡ,” ಎಂದರು. ಪುಸ್ತಕಕ್ಕೆ ಹಾಕಲಿಲ್ಲ. ತಾವು ತೀರಿಕೊಂಡ ಮೇಲೆ ಬರೆಯಲು ಅಡ್ಡಿಯಿಲ್ಲ ಎಂದು ಬೇರೊಂದು ದಿನ ಹೇಳಿದ್ದರು. ಈಗ ಬರೆಯುತ್ತಿದ್ದೇನೆ.

ನಾವು ಹೋಮ್ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಹೇರ್‌ಡ್ರೆಸರ್ ಒಂಬತ್ತೂವರೆಗೇ ಬಂದು ಹೋಗಿದ್ದಳು. ಒಳ್ಳೆಯ ಮನಸ್ಸಿನಿಂದ, ಎಚ್ಚರದಿಂದ ಮಾಡಿದ ಕೆಲಸವೇ. ಹುಣ್ಣಿಗೆ ಮುಲಾಮು ಹಚ್ಚಿದ್ದರು. ಸ್ಥಾಪಕಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಸಣ್ಣ ತಲೆ, ಕತ್ತರಿಸಿ ಉಳಿದ ಬಿಳಿ ಕೂದಲ ಬುಡ. ಪಿನ್ ಕಾರ್ಡಿಗನ್ ಮೇಲಿತ್ತು. ಭಾನುವಾರವಲ್ಲದಿದ್ದರೂ ಬಾಚಣಿಗೆ ಮಡಿಲಲ್ಲಿತ್ತು. ಮರದ್ದೇ.

ಅವರು ನಮ್ಮಿಬ್ಬರನ್ನೂ ನೋಡಿದರು. ನನ್ನನ್ನು ನೋಡಿ, ನನ್ನ ಹಿಂದೆ ನಿಂತವರನ್ನು ನೋಡಿ, “ಇಬ್ಬರು,” ಎಂದರು. ಕಳ್ಳಿ ಎನ್ನಲಿಲ್ಲ. ಗುರುತು ಹಿಡಿದರು ಎಂದು ಹೇಳಲು ಆಧಾರವಿಲ್ಲ.

ಮನೆಯೊಡತಿ ಬೆರಳ ತುದಿಗೆ ಎಣ್ಣೆ ತೆಗೆದುಕೊಂಡು, ಹುಣ್ಣು ಇಲ್ಲದ ಕಡೆ ಹಚ್ಚಿದರು. ಬಹಳ ಹೊತ್ತು ಹಚ್ಚಿದರು. ಮಂಗಳೂರಿನ ನರ್ಸ್ ಬಾಗಿಲಿಗೆ ಬಂದು, ನನ್ನನ್ನು ಮಾತ್ರ ನೋಡುತ್ತ, ಕನ್ನಡದಲ್ಲಿ ಕೇಳಿದಳು: “ಶನಿವಾರವೇ ಹೇಳಿದ್ದೆನಲ್ಲ ಅಕ್ಕ?”

“ಹೌದು,” ಎಂದೆ.

ಏಪ್ರಿಲ್‌ನ ಮೂರನೇ ಭಾನುವಾರ ಸಭೆ ಸೇರಿತು. ನಾನು ಎಂದಿನ ಕುರ್ಚಿಯಲ್ಲಿ ಕುಳಿತೆ. ಏನಾಗುತ್ತದೆ ಎಂದು ಮನೆಯೊಡತಿ ನನಗೆ ಹೇಳಿರಲಿಲ್ಲ. ಅಧ್ಯಕ್ಷೆ ಎದ್ದುನಿಂತು ಹೆಸರು ಕೂಗತೊಡಗಿದರು. ಪಟ್ಟಿಯಲ್ಲಿ ಮೊದಲ ಹೆಸರು ಸ್ಥಾಪಕಿಯದ್ದೇ. ಉತ್ತರ ಬರಲಿಲ್ಲ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ ಮತ್ತೊಮ್ಮೆ ಕೂಗಿದರು.

“ಗೈರು ಅಂತ ಬರೀರಿ,” ಎಂದರು ಮನೆಯೊಡತಿ.

“ಹುಷಾರಿಲ್ವಾ ಅವಳಿಗೆ? ನಿಮಗೆ ಬಸ್ ತಪ್ಪಿತಾ?”

“ಗೈರು ಅಂತ ಬರೀರಿ. ಹಿಂದಿನ ಹನ್ನೆರಡನ್ನೂ ತಿದ್ದಿ.”

ಪೂರ್ತಿ ಹೇಳಲು ಅವರಿಗೆ ಐದು ನಿಮಿಷ ಹಿಡಿಯಿತು. ಹಿಂದಿನ ಸಾಲಿನಿಂದ ಯಾರೋ, “ಹೋಗಲಿ ಬಿಡಿ ಸಿಸ್ಟರ್, ಬರೆದದ್ದು ಬರೆದಾಗಿದೆ, ಯಾರು ನೋಡ್ತಾರೆ?” ಎಂದರು. ಇನ್ನೊಬ್ಬರು ನನ್ನ ಕಡೆ ತಿರುಗಿ, “ಆ ಹುಡುಗಿ ನೋಡಿದ್ದಾಳಲ್ಲ,” ಎಂದರು.

ಅಧ್ಯಕ್ಷೆ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು. “ನನ್ನ ಅಕ್ಕ ತೀರಿಕೊಂಡು ಒಂಬತ್ತು ವರ್ಷ. ಪ್ರತಿ ತಿಂಗಳು ಅವಳ ಮೂರು ಮನೆಗೆ ಹೋಗಿ ಬಂದು ನಾನು ಹಾಜರ್ ಅಂತೀನಿ. ಇದರಲ್ಲಿ ಒಂದು ಹಾಜರ್ ಸುಳ್ಳು ಅಂತ ಗೊತ್ತಿದ್ದೂ ಬಿಟ್ಟರೆ, ನನ್ನ ಅಕ್ಕನ ಹಾಜರಿ ಏನು?”

“ಅವಳು ಸ್ಥಾಪಕಿ,” ಎಂದರು ಮನೆಯೊಡತಿ. “ನನಗೆ ಏನು ಬೇಕಾದರೂ ಮಾಡಿ. ಅವಳ ಹೆಸರು ಬಿಡಿ.”

“ನಿಯಮ ಬರೆದವಳು ಅವಳೇ, ಸಿಸ್ಟರ್. ಸ್ಥಾಪಕರನ್ನು ಬಿಟ್ಟು ಅಂತ ಬರೀಲಿಲ್ಲ.”

ಕೈ ಎತ್ತಿಸಿದರು. ಆರು ಕೈ ತಿದ್ದಬೇಕೆಂದು, ನಾಲ್ಕು ಬೇಡವೆಂದು. ಮನೆಯೊಡತಿ ಯಾವ ಕಡೆಗೂ ಎತ್ತಲಿಲ್ಲ. ಹನ್ನೆರಡು ಪುಟಗಳನ್ನು ತಿದ್ದಲಾಯಿತು, ಪ್ರತಿ ತಿದ್ದುಪಡಿಗೂ ಅಧ್ಯಕ್ಷೆ ರುಜು ಹಾಕಿದರು. ಹೆಸರು ತೆಗೆಯಲಾಯಿತು. ಮುಂದಿನ ನಿರ್ಣಯವನ್ನು ಅಧ್ಯಕ್ಷೆಯೇ ಮಂಡಿಸಿದರು: ಸದಸ್ಯೆ ಅಲ್ಲದ ಯಾವುದೇ ಮುದುಕಿಯ ತಲೆ ಬಾಚಲು ಹೋಗುವಂತೆ, ಆ ಹೋಮ್‌ಗೂ ವಾರಕ್ಕೆ ಇಬ್ಬರು ಹೋಗಬೇಕು. ಅದಕ್ಕೆ ಎಲ್ಲ ಕೈಗಳೂ ಎದ್ದವು.

ಪಿನ್ ವಾಪಸ್ ತರಲು ಯಾರು ಹೋಗಬೇಕು ಎಂಬ ಮಾತು ಬಂತು. ಯಾರೂ ಒಪ್ಪಲಿಲ್ಲ. ಆ ವಿಷಯ ನಡಾವಳಿಯಲ್ಲಿ ಇಲ್ಲ.

ಅಂದಿನಿಂದ ಭಾನುವಾರಗಳಲ್ಲಿ ಇಬ್ಬರು ಹೋದರು. ಇಬ್ಬರಲ್ಲಿ ಒಬ್ಬರು ಹೆಚ್ಚಾಗಿ ಮನೆಯೊಡತಿ. ಕೆಲವು ಭಾನುವಾರ ಸ್ಥಾಪಕಿ ಅವರನ್ನು ಒಳಗೆ ಬಿಟ್ಟರು, ಕೆಲವು ಭಾನುವಾರ ಬೈದು ಕಳಿಸಿದರು. ಬೈಸಿಕೊಂಡ ದಿನ ಮನೆಯೊಡತಿ ಕಾರಿಡಾರ್‌ನ ಕುರ್ಚಿಯಲ್ಲಿ ಭೇಟಿಯ ಸಮಯ ಮುಗಿಯುವವರೆಗೆ ಕೂತು ಬರುತ್ತಿದ್ದರು. ಕೂದಲು ನಿಧಾನವಾಗಿ ಬೆಳೆಯಿತು.

ಇತಿಹಾಸದ ಪುಸ್ತಿಕೆ ಆ ಜುಲೈನಲ್ಲಿ ಅಚ್ಚಾಯಿತು. ಇಪ್ಪತ್ತನಾಲ್ಕು ಪುಟ. ಸ್ಥಾಪಕಿಯ ಬಗ್ಗೆ ಬರೆದ ಪುಟದ ಕೊನೆಯ ವಾಕ್ಯವನ್ನು ನಾನು ನಾಲ್ಕು ಸಲ ಬರೆದು ಹೊಡೆದು ಹಾಕಿದೆ. ಅಚ್ಚಾದದ್ದು ಇದು: ಅವರು 2004ರ ಏಪ್ರಿಲ್‌ವರೆಗೆ ಸದಸ್ಯೆಯಾಗಿದ್ದರು. ಅಧ್ಯಕ್ಷೆ ಓದಿ, “ಸರಿಯಾಗಿದೆ,” ಎಂದರು. ಮನೆಯೊಡತಿ ತಮ್ಮ ಪ್ರತಿಯನ್ನು ಅಡುಗೆಮನೆಯ ಡ್ರಾಯರ್‌ನಲ್ಲಿಟ್ಟರು. ಅದು ಅಲ್ಲಿಂದ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ.

2005ರ ನವೆಂಬರ್‌ನಲ್ಲಿ ಸ್ಥಾಪಕಿ ತೀರಿಕೊಂಡರು. ಅಷ್ಟರಲ್ಲಿ ಕೂದಲು ಎರಡು ಬೆರಳು ಉದ್ದ ಬಂದಿತ್ತು. ತೀರಿಕೊಳ್ಳುವ ಹಿಂದಿನ ದಿನ ಮನೆಯೊಡತಿ ಒಬ್ಬರೇ ಹೋಗಿ ಅದನ್ನು ಸಣ್ಣ ಸಣ್ಣ ಸಾಲುಗಳಾಗಿ ಹೆಣೆದು ಬಂದರು ಎಂದು ಮಂಗಳೂರಿನ ನರ್ಸ್ ಫೋನಿನಲ್ಲಿ ಹೇಳಿದಳು. ಮೂರು ಗಂಟೆ ಹಿಡಿಯಿತಂತೆ.

ಅಂತ್ಯಕ್ರಿಯೆಗೆ ಸಂಘದ ಒಂಬತ್ತು ಮಂದಿ ಬಂದಿದ್ದರು. ಎಂಟು ಮಂದಿ ಕಪ್ಪು ಕೋಟು ಹಾಕಿದ್ದರು. ಶವಪೆಟ್ಟಿಗೆಯನ್ನು ಹೊತ್ತವರು ಅಂತ್ಯಕ್ರಿಯೆ ನಡೆಸುವ ಕಂಪನಿಯ ನಾಲ್ಕು ಗಂಡಸರು. ಅವರ ಹಿಂದೆ ನಡೆದವರಲ್ಲಿ ಮನೆಯೊಡತಿ ಮೊದಲಿನವರು. ಅವರು ಬಿಳಿ ಉಡುಪು, ಬಿಳಿ ಕೈಗವಸು, ಬಿಳಿ ಟೋಪಿ ತೊಟ್ಟಿದ್ದರು. ಸ್ಮಶಾನದ ಗೇಟಿನ ಬಳಿ ಅಧ್ಯಕ್ಷೆ ಅವರ ಎದುರು ನಿಂತರು.

“ಇದನ್ನ ಯಾರಿಗೆ ತೊಡ್ತಾರೆ ಅಂತ ನಿಮಗೆ ಗೊತ್ತು, ಸಿಸ್ಟರ್.”

“ಗೊತ್ತು. ಅದಕ್ಕೇ ತೊಟ್ಟಿದ್ದೀನಿ.”

ಅಧ್ಯಕ್ಷೆ ಪಕ್ಕಕ್ಕೆ ಸರಿದರು.

ಡಿಸೆಂಬರ್‌ನ ಮೂರನೇ ಭಾನುವಾರ ಮನೆಯೊಡತಿ ಸಭೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮಂಗಳವಾರ ಸಂಜೆ ನಾಲ್ಕಕ್ಕೆ ಬಾಗಿಲ ಗಂಟೆ ಬಡಿಯಿತು. ನಾನೇ ತೆರೆದೆ. ಅಧ್ಯಕ್ಷೆ, ಅವರ ಹಿಂದೆ ಇನ್ನೊಬ್ಬ ಸೋದರಿ. ಅಧ್ಯಕ್ಷೆಯ ಕೈಯಲ್ಲಿ ಬಾಚಣಿಗೆ ಮತ್ತು ಎಣ್ಣೆಯ ಡಬ್ಬಿ ಇತ್ತು. ಅಡುಗೆಮನೆಯಲ್ಲಿ ಮನೆಯೊಡತಿ ಅದೇ ಕುರ್ಚಿಯಲ್ಲಿ ಕೂತು ಸ್ಕಾರ್ಫ್ ಬಿಚ್ಚಿದರು. ಸುಮಾರು ಮೂರು ವರ್ಷ ಬೇರೆಯವರ ಕೈ ತಾಗದ ತಲೆ ಅದು. ಅಧ್ಯಕ್ಷೆ ಹೆಣೆಯುವುದನ್ನು ಮುಗಿಸಿ, ನಾಲ್ಕು ಸಾಲು ಹೇಳಿ ಎಂದರು. ಮನೆಯೊಡತಿ ಟೀ ಬೇಕಾ ಎಂದು ಕೇಳಿದರು.

2006ರ ಜೂನ್‌ನಲ್ಲಿ ನಾನು ಊರಿಗೆ ಹೊರಟೆ. ಹೊರಡುವ ವಾರ ಎರಡು ರಟ್ಟಿನ ಪೆಟ್ಟಿಗೆಗಳನ್ನು ಅಧ್ಯಕ್ಷೆಗೆ ಒಪ್ಪಿಸಲು ಹೋದಾಗ ಹಾಜರಿ ಪುಸ್ತಕ ಮೇಜಿನ ಮೇಲಿತ್ತು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮನೆಯೊಡತಿಯ ಹೆಸರಿನ ಮುಂದೆ ಆರು ಗೈರು. ಪ್ರತಿ ಗೈರಿನ ಪಕ್ಕದಲ್ಲೂ, ಆ ವಾರವೇ ಹೋಗಿಬಂದ ಇಬ್ಬರ ರುಜು.